ಎಡ ಬಾಗಿಲಿನಲ್ಲಿ ಉಳಿದ ಕೆಂಪು

ಬೇಗೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಯಾಕೆ ಬೇಕು ಎಂದು ಮನೆಯಲ್ಲಿ ಕೇಳದವರಿಲ್ಲ. ಅದರಲ್ಲಿ ಗೊಬ್ಬರದ ಮೂಟೆ ಹೇರುವಂತಿಲ್ಲ, ಕೆಟ್ಟ ಪಂಪು ತರುವಂತಿಲ್ಲ, ಅವ್ವನನ್ನೂ ಹೆಂಡತಿ ಮಕ್ಕಳನ್ನೂ ಒಟ್ಟಿಗೆ ನಂಜನಗೂಡಿನ ತೇರಿಗೆ ಕರೆದುಕೊಂಡು ಹೋಗುವಂತಿಲ್ಲ. ಅವರು ಹೇಳಿದ್ದೆಲ್ಲ ಸರಿಯೇ. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ಊಟಿ ಕಡೆ ಹೋಗುತ್ತಿದ್ದ ಅಂಥದೊಂದು ಕೆಂಪು ಕಾರು ನಮ್ಮೂರಿನ ಹೆದ್ದಾರಿ ಬದಿಯಲ್ಲಿ ಟೀಗೆ ನಿಂತಿತ್ತು. ಮೇಲಿನ ಹುಡ್ ಮಡಚಿ ಹಿಂದಕ್ಕೆ ಹಾಕಿದ್ದರು. ಬಾನೆಟ್ಟಿನ ಮೇಲೆ ಮರದ ಕೊಂಬೆಗಳು ತಲೆಕೆಳಗಾಗಿ ಕಾಣುತ್ತಿದ್ದವು. ಅಷ್ಟು ಹೊಳೆಯುವ ವಸ್ತುವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಅಂಥದ್ದನ್ನೇ ಹುಡುಕಿಕೊಂಡು ಹೋದೆ.

ಆ ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಈಗಿನ ಹುಡುಗರಿಗೆ ಹೆಸರು ಹೇಳಿದರೆ ಯಾವುದೋ ವಿದೇಶದ ಗಾಡಿ ಅಂದುಕೊಳ್ಳುತ್ತಾರೆ. ತಯಾರಾದದ್ದು ಗೋವಾದಲ್ಲಿ. ಮಾಡಿದವರು ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯ ಬಳಗದವರು; ಕಾರ್ಖಾನೆಗಳ ಆವರಣದಲ್ಲಿ ವ್ಯಾಗನ್ ಎಳೆಯುವ ರೈಲು ಎಂಜಿನ್ನುಗಳಿಗೆ ಹೆಸರಾದ ಕಂಪನಿ ಅದು. ಕಾರು ಮಾರುಕಟ್ಟೆಗೆ ಬಂದದ್ದು 1998ರಲ್ಲಿ. ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ. ಇವತ್ತಿನ ಲೆಕ್ಕಕ್ಕೆ ಅದು ಓಟದ ಕಾರೇ ಅಲ್ಲ, ಆದರೆ ಮೈ ಹಗುರ. ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ಅಚ್ಚಿನೊಳಗೆ ಗಾಜಿನ ನಾರಿನ ಹಾಸನ್ನು ಇಟ್ಟು ರೆಸಿನ್ ಕುಡಿಸಿ ಎರಕ ತೆಗೆದದ್ದು. ತುಕ್ಕು ಹಿಡಿಯುವುದಿಲ್ಲ ಎನ್ನುವುದು ಅದರ ದೊಡ್ಡ ಗುಣ. ನನ್ನನ್ನು ಕೆಡಿಸಿದ್ದೂ ಅದೇ. ತುಕ್ಕಿಲ್ಲ ಎಂದ ಮೇಲೆ ಇನ್ನೇನು, ಮೇಲಿನ ಬಣ್ಣ ತಾನೇ, ನಾನೇ ಮಾಡಿಕೊಳ್ಳುತ್ತೇನೆ ಅಂದುಕೊಂಡೆ.

ಕೊಂಡಾಗ ಅದು ವರ್ಷಗಟ್ಟಲೆ ಟಾರ್ಪಾಲಿನ ಕೆಳಗೆ ನಿಂತಿತ್ತು. ಬಾನೆಟ್ಟೂ ಡಿಕ್ಕಿಯ ಮುಚ್ಚಳವೂ ಬಿಸಿಲಿಗೆ ಬೆಳ್ಳಗಾಗಿ, ಸೀಮೆಸುಣ್ಣ ಬಳಿದ ಹಾಗೆ ಪೇಲವ ಗುಲಾಬಿಗೆ ತಿರುಗಿದ್ದವು. ಬೆರಳಿಟ್ಟರೆ ಪುಡಿ ಹತ್ತುತ್ತಿತ್ತು. ಬಾಗಿಲುಗಳು ಮಾತ್ರ ಚೆನ್ನಾಗಿದ್ದವು, ನೇರ ಬಿಸಿಲು ಅವುಗಳ ಮೇಲೆ ಅಷ್ಟು ಬೀಳುವುದಿಲ್ಲವಲ್ಲ. ಹುಡ್ಡಿನ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿ ಆಚೆಯದೇನೂ ಕಾಣುತ್ತಿರಲಿಲ್ಲ. ಸೀಟುಗಳಿಗೆ ಹಿಂದಿನ ಯಜಮಾನರು ಬೂದು ಬಣ್ಣದ ಚರ್ಮ ಹಾಕಿಸಿದ್ದರು. ಕೈ, ಬೆನ್ನು ತಾಗುವ ಕಡೆಯೆಲ್ಲ ಅದು ಕಪ್ಪಾಗಿ ಜಿಡ್ಡುಗಟ್ಟಿತ್ತು.

ನಮ್ಮೂರು ಬಣ್ಣಕ್ಕೆ ಒಳ್ಳೆಯ ಊರಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹಿರಿಕಾಟಿ ಕಡೆಯ ಕ್ವಾರಿ, ಕ್ರಷರ್‌ಗಳಿಂದ ಟಿಪ್ಪರ್‌ಗಳು ಬರುತ್ತಲೇ ಇರುತ್ತವೆ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಹಾಗಾಗಿ ಗೇಟು ಮುಚ್ಚುವ ಮೊದಲು ದಾಟಬೇಕೆಂದು ಸಂಜೆ ಹೊತ್ತು ಕೇರಳದ ಲಾರಿಗಳು, ಊಟಿಯ ಕಾರುಗಳು ನಮ್ಮ ಅಂಗಡಿ ಮುಂದೆ ಧೂಳೆಬ್ಬಿಸಿಕೊಂಡು ಹೋಗುತ್ತವೆ. ಆ ಧೂಳು ಬರೀ ಮಣ್ಣಲ್ಲ, ಕಲ್ಲಿನ ಪುಡಿ. ಅದರಲ್ಲಿರುವ ಕ್ವಾರ್ಟ್ಜ್ ಗಾಜನ್ನೂ ಗೀರುವಷ್ಟು ಗಟ್ಟಿ. ನಾನು ದಿನಾ ಬೆಳಿಗ್ಗೆ ಪ್ರೀತಿಯಿಂದ ಒಣಬಟ್ಟೆಯಲ್ಲಿ ಕಾರು ಒರೆಸುತ್ತಿದ್ದೆ. ಪ್ರತಿ ಸಲವೂ ಆ ಕಲ್ಲುಪುಡಿಯನ್ನು ಬಣ್ಣದ ಮೇಲೆ ಎಳೆದಾಡುತ್ತಿದ್ದೆ. ಬಿಸಿಲಲ್ಲಿ ಓರೆಯಾಗಿ ನೋಡಿದರೆ ಬಾನೆಟ್ ತುಂಬ ಸುತ್ತುಸುತ್ತಾಗಿ ಗೀರು. ಅದರ ಮೇಲೆ ಬೋರ್‌ವೆಲ್ ನೀರು. ನಮ್ಮ ಕಡೆಯ ನೀರಿನ ಗಡಸುತನ ಎಂಥದು ಎಂಬುದನ್ನು ಕೆಟ್ಟ ಪಂಪು ಬಿಚ್ಚಿದಾಗಲೆಲ್ಲ ನೋಡುತ್ತೇನೆ, ಒಳಗೆ ಸುಣ್ಣದ ಪದರವೇ ಕಟ್ಟಿರುತ್ತದೆ. ಆ ನೀರು ಬಿಸಿಲಲ್ಲಿ ಆರಿದ ಕಡೆಯೆಲ್ಲ ಬಿಳಿ ಉಂಗುರ ಕೂತಿತ್ತು. ಸರಿಯಾಗಿ ತೊಳೆಯುವುದನ್ನೇ ಕಲಿಯದ ನಾನು ಉಜ್ಜುವುದಕ್ಕೆ ಹೊರಟೆ.

ಆತುರಕ್ಕೆ ಕಾರಣ ಅಕ್ಕನ ಮಗಳ ಮದುವೆ. ಶ್ರಾವಣಕ್ಕೆ ಲಗ್ನ ಗೊತ್ತಾಗಿತ್ತು. ಅವಳೇ ಕೇಳಿದ್ದು: “ಮಾವ, ಛತ್ರಕ್ಕೆ ನಿನ್ನ ಕೆಂಪು ಕಾರಲ್ಲೇ ಬತ್ತೀನಿ. ನೀನೇ ಓಡಿಸ್ಬೇಕು.” ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ನನಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ಆಷಾಢ ಪೂರ್ತಿ ಕೈಯಲ್ಲಿದೆ ಎಂದುಕೊಂಡೆ. ಮೈಸೂರಿಗೆ ಹೋಗಿ ಬಫಿಂಗ್ ಮೆಷಿನ್, ಉಣ್ಣೆಯ ಪ್ಯಾಡು, ರಬ್ಬಿಂಗ್ ಕಾಂಪೌಂಡಿನ ದೊಡ್ಡ ಡಬ್ಬ, 1500 ಮತ್ತು 2000 ನಂಬರಿನ ವಾಟರ್ ಪೇಪರ್ ತಂದೆ. ರಸ್ತೆಯಾಚೆ ಸೂರ್ಯಕಾಂತಿ ಅರಳಿತ್ತು, ಜನ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಶೆಡ್ಡಿನೊಳಗೆ ಬಾನೆಟ್ ಉಜ್ಜುತ್ತಿದ್ದೆ.

ಮೊದಲ ದಿನವೇ ಬಿಳಿ ಬನಿಯನ್ ಬಟ್ಟೆ ಕಡುಕೆಂಪಾಯಿತು. ಕೊಳೆ ಬಿಡುತ್ತಿದೆ ಎಂದು ಹಿಗ್ಗಿದೆ. ಅಲ್ಲೇ ನಿಲ್ಲಿಸಬೇಕಿತ್ತು. ಬಟ್ಟೆಗೆ ಕೆಂಪು ಬಂತೆಂದರೆ ಬಣ್ಣದ ಮೇಲೆ ಲ್ಯಾಕರ್ ಪದರ ಇಲ್ಲ ಎಂದರ್ಥ. ಈಗಿನ ಕಾರುಗಳಲ್ಲಿ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ. ಉಜ್ಜಿದಾಗ ಸವೆಯುವುದು ಲ್ಯಾಕರ್, ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ನನ್ನ ಕಾರಿನದು ಒಂದೇ ಬಗೆಯ ಬಣ್ಣ. ನಾನು ಉಜ್ಜುತ್ತಿದ್ದದ್ದು ಆ ಕೆಂಪನ್ನೇ. ಸತ್ತ ಪದರ ಹೋಗಿ ಒಳಗಿನ ಕೆಂಪು ಎದ್ದು ಬರುವಾಗ ಕಣ್ಣಿಗೆ ಹಬ್ಬ. ಗುಲಾಬಿ ಬಾನೆಟ್ಟಿನ ನಡುವೆ ಅಂಗೈಯಗಲದ ಕೆಂಪು ಕಂಡ ಗಳಿಗೆಯಲ್ಲಿ, ಹೈಸ್ಕೂಲಿನಲ್ಲಿ ನೋಡಿದ ಆ ಹೊಳಪು ನನ್ನ ಕೈಯಿಂದಲೇ ಬಂತಲ್ಲ ಎಂದು ಗಂಟಲು ಕಟ್ಟಿತು. ಆಮೇಲೆ ಕೈ ನಿಲ್ಲಲಿಲ್ಲ.

ಕೆಟ್ಟದ್ದು ಬಾನೆಟ್ಟಿನ ಮುಂದಿನ ಅಂಚಿನಲ್ಲಿ, ಹೆಡ್‌ಲೈಟಿನ ಮೇಲೆ ಏಣು ಎದ್ದು ತಿರುಗುವ ಕಡೆ. ಅಲ್ಲೊಂದು ಹಳೆಯ ಗೀರಿತ್ತು, ಅದೊಂದು ಹೋದರೆ ಸಾಕು ಅಂತ ಮೆಷಿನ್ನಿನ ವೇಗ ಏರಿಸಿ ಪ್ಯಾಡನ್ನು ಅಲ್ಲೇ ಒತ್ತಿ ಹಿಡಿದೆ. ಕಾಂಪೌಂಡ್ ಒಣಗಿ ಹೊಗೆಯಂಥ ವಾಸನೆ ಬಂತು. ಪ್ಯಾಡಿನ ಅಂಚಿನಿಂದ ಉದುರುತ್ತಿದ್ದ ಕೆಂಪು ಹಿಟ್ಟು ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿತು. ಮೆಷಿನ್ ಎತ್ತಿ ನೋಡಿದರೆ ಏಣಿನುದ್ದಕ್ಕೆ ಬೆರಳಗಲದ ಪಟ್ಟೆ. ಅಂಚಿಗೆ ಕೆಂಪು, ಅದರೊಳಗೆ ಪ್ರೈಮರಿನ ಬೂದು, ನಡುಮಧ್ಯೆ ಹಳದಿ ಮಿಶ್ರಿತ ಬಿಳಿ. ಉಗುರಿನಿಂದ ಮುಟ್ಟಿದೆ, ನವಿರಾದ ನಾರು ತಾಕಿತು. ಫೈಬರ್ ಗ್ಲಾಸಿನ ನಾರು ಅದು. ಬಣ್ಣ, ಪ್ರೈಮರ್, ಅಚ್ಚಿನಿಂದ ಬಂದ ಜೆಲ್‌ಕೋಟ್ ಮೂರನ್ನೂ ದಾಟಿ ಮೂಳೆಯವರೆಗೆ ಹೋಗಿದ್ದೆ.

ಯಾಕೆ ಹೀಗಾಯಿತು ಎಂದು ಆಮೇಲೆ ತಿಳಿಯಿತು. ಬಳಿದ ಬಣ್ಣ ಏಣಿನ ಮೇಲೆ ನಿಲ್ಲುವುದಿಲ್ಲ, ಎರಡೂ ಕಡೆಗೆ ಹರಿದು ಅಲ್ಲಿ ತೆಳ್ಳಗಾಗುತ್ತದೆ. ಪ್ಯಾಡಿನ ಭಾರವೆಲ್ಲ ಬೀಳುವುದೂ ಅದೇ ಏಣಿನ ಮೇಲೆ. ತಗಡಿನ ಕಾರಾದರೆ ಉಜ್ಜಿದ ಬಿಸಿ ತಗಡಿನಗಲಕ್ಕೂ ಹರಡಿ ಆರುತ್ತದೆ. ಫೈಬರ್ ಗ್ಲಾಸ್ ಬಿಸಿಯನ್ನು ಸಾಗಹಾಕುವುದಿಲ್ಲ. ಉಜ್ಜಿದ ಜಾಗದಲ್ಲೇ ಅದು ನಿಂತು ಬಣ್ಣ ಮೆದುವಾಗಿ ಎದ್ದುಬರುತ್ತದೆ. ಅದಕ್ಕೇ ತಿಳಿದವರು ಏಣುಗಳಿಗೆ ಮೊದಲೇ ಟೇಪ್ ಅಂಟಿಸಿ, ಅಲ್ಲಿ ಕೈಯಿಂದಲೇ ಉಜ್ಜುತ್ತಾರೆ, ಮೆಷಿನ್ ಮುಟ್ಟಿಸುವುದಿಲ್ಲ.

ಇಷ್ಟಕ್ಕೂ ನಾನು ದಿನಾ ಮಾಡುವ ಕೆಲಸವಾದರೂ ಏನು? ಎನಾಮಲ್ ತಾಮ್ರದ ತಂತಿ ಸುತ್ತುವುದು. 22 ಗೇಜಿನ ತಂತಿಯ ಮೇಲಿನ ಎನಾಮಲ್ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು, ಅಷ್ಟೆ. ಸ್ಲಾಟಿನ ಅಂಚಿಗೆ ತಾಗಿ ಒಂದು ಕಡೆ ಗೀರಿದರೂ ಮೋಟರ್ ಸುಡುತ್ತದೆ ಎಂದು ಕೆಲಸಕ್ಕೆ ಬಂದ ಹುಡುಗರಿಗೆ ದಿನಾ ಹೇಳುತ್ತೇನೆ. ಸ್ಕ್ರೂಗೇಜ್ ಇಲ್ಲದೆ ತಂತಿ ಮುಟ್ಟಬೇಡ ಎನ್ನುತ್ತೇನೆ. ಕಾರಿನ ಬಣ್ಣವೂ ಹಾಗೇ. ಪ್ರೈಮರಿನಿಂದ ಲ್ಯಾಕರಿನವರೆಗೆ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಲ್ಯಾಕರ್ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಕಾಂಪೌಂಡ್ ಹಾಕಿ ಒಂದು ಸುತ್ತು ಬಫಿಂಗ್ ಮಾಡಿದರೆ ಕೆಲವು ಮೈಕ್ರಾನ್ ಹೋಗುತ್ತದೆ, ವಾಟರ್ ಪೇಪರ್ ಹಿಡಿದರೆ ಇನ್ನೂ ಹೆಚ್ಚು. ಹೋದದ್ದು ಮತ್ತೆ ಬರುವುದಿಲ್ಲ. ನೂರರಲ್ಲೊಂದು ಮಿಲಿಮೀಟರನ್ನು ಜೋಪಾನ ಮಾಡಿ ಹೊಟ್ಟೆ ಹೊರೆಯುವ ನಾನು, ಆ ಕಾರಿನ ಮೇಲೆ ಎಷ್ಟು ಬಣ್ಣ ಉಳಿದಿದೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ತಿಳಿಯದೆ ಮಾಡಿದ್ದು ಎಂದು ಹೇಳುವ ದಾರಿಯೂ ನನಗಿಲ್ಲ. ತಿಳಿದಿತ್ತು. ಇದು ನನ್ನ ಕಸುಬಿನ ವಿಷಯ, ಅದು ಹೊಳಪಿನ ವಿಷಯ ಎಂದು ಬೇರೆ ಬೇರೆ ಮಾಡಿಕೊಂಡಿದ್ದೆ.

ಮೈಸೂರಿನ ಗೆಳೆಯರೊಬ್ಬರು ಬಣ್ಣದ ದಪ್ಪ ಅಳೆಯುವ ಮೀಟರ್ ತಂದರು. ಬಾನೆಟ್ಟಿಗಿಟ್ಟರೆ ಅಂಕಿಯೇ ಬರಲಿಲ್ಲ. ಸಾಮಾನ್ಯ ಮೀಟರ್ ಕೆಲಸ ಮಾಡುವುದು ಕೆಳಗೆ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಇದ್ದರೆ ಮಾತ್ರ. ಫೈಬರಿಗೆ ಶಬ್ದತರಂಗದಿಂದ ಅಳೆಯುವ ಬೇರೆ ಮೀಟರ್ ಬೇಕು, ಅದರ ಬೆಲೆಯೂ ಬೇರೆ. ಅಳೆಯಲು ಬರದಿದ್ದರೆ ಉಜ್ಜಬಾರದು ಎಂಬ ಸರಳ ಮಾತು ಆವಾಗ ಹೊಳೆಯಿತು, ಬಾನೆಟ್ ಹೋದ ಮೇಲೆ.

ಮದುವೆಗೆ ಕಾರು ಒಯ್ಯಲಿಲ್ಲ. ಅಕ್ಕನ ಮಗಳು ಅಂಗಡಿಗೇ ಬಂದು ನೋಡಿದಳು. ಆ ಪಟ್ಟೆಯ ಮೇಲೆ ಕೈಯಾಡಿಸಿ, “ಅಯ್ಯೋ ಮಾವ, ಇದ್ಕಾ ಇಷ್ಟೊಂದು ಮುಖ ಸಣ್ಣ ಮಾಡ್ಕಂಡಿರಾದು? ಒಂದು ಹೂವಿನ ಹಾರ ಇಳಿಬಿಟ್ರೆ ಯಾರಿಗೆ ಕಾಣ್ತದೆ? ತಂದ್ಬುಡು” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಚೆಂಡುಹೂವಿನ ಒಂದು ಹಾರ ಸಾಕಿತ್ತು. ಆದರೆ ನೆಂಟರಿಷ್ಟರ ಮುಂದೆ ಆ ಕಾರನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವಳು ಛತ್ರಕ್ಕೆ ಬಂದಳು. ಬಣ್ಣ ಸುಟ್ಟದ್ದಕ್ಕಿಂತ ಹೆಚ್ಚಾಗಿ ಇವತ್ತಿಗೂ ನನ್ನನ್ನು ಚುಚ್ಚುವುದು ಇದು. ಅವಳಿಗೆ ಬೇಕಿದ್ದದ್ದು ಹೊಳಪಲ್ಲ, ಸ್ಟೇರಿಂಗ್ ಹಿಡಿದ ಮಾವ.

ಮದುವೆ ಮುಗಿದ ಮೇಲೆ ಬೇಜಾರಿನಲ್ಲಿ ಒಳಗಿನ ಕೆಲಸಕ್ಕೆ ಕೈ ಹಾಕಿದೆ. ಅಲ್ಲೂ ಅದೇ ಆತುರ. ಸೀಟಿನ ಜಿಡ್ಡಿಗೆ ವಾರ್ನಿಷ್ ತೆಗೆಯುವ ಥಿನ್ನರನ್ನೇ ಕಾಟನ್ ವೇಸ್ಟಿಗೆ ಹಾಕಿ ಒರೆಸಿದೆ. ಜಿಡ್ಡು ಬಂತು, ಅದರ ಜೊತೆ ಬೂದು ಬಣ್ಣವೂ ಬಂತು. ಕಾರಿನ ಸೀಟಿನ ಚರ್ಮದ ಮೇಲೂ ಬಣ್ಣದ ಒಂದು ತೆಳು ಪೊರೆ ಇರುತ್ತದೆ. ನಾವು ಮುಟ್ಟುವುದು ಚರ್ಮವನ್ನಲ್ಲ, ಆ ಪೊರೆಯನ್ನು. ಅದು ಹೋದ ಕಡೆ ಬೆತ್ತಲೆ ಚರ್ಮ, ಮಾಸಲು ಬಿಳಿಯ ಕಲೆ. ಕೊಬ್ಬರಿ ಎಣ್ಣೆ ಹಚ್ಚು, ಚರ್ಮಕ್ಕೆ ಒಳ್ಳೇದು ಎಂದು ಯಾರೋ ಹೇಳಿದರು, ಹಚ್ಚಿದೆ. ಪೊರೆ ಉಳಿದಿದ್ದ ಕಡೆ ಎಣ್ಣೆ ಒಳಗಿಳಿಯದೆ ಮೇಲೇ ನಿಂತು ಧೂಳು ಹಿಡಿಯಿತು. ಪೊರೆ ಹೋದ ಕಡೆ ಕುಡಿದು ಕಪ್ಪಾಯಿತು. ನೆಲದ ಕಾರ್ಪೆಟ್ಟನ್ನು ಸರ್ವಿಸ್ ಸ್ಟೇಷನ್ನಿನ ಪೈಪಿನಲ್ಲಿ ತೊಳೆಸಿ ಮೇಲಿನಿಂದ ಒಣಗಿತೆಂದು ಬಿಟ್ಟೆ. ಕೆಳಗಿನ ಹಾಸು ನೀರು ಹೀರಿಕೊಂಡು ಹಾಗೇ ಇತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ತೆಗೆದರೆ ಬೂಷ್ಟಿನ ವಾಸನೆ, ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು. ತುಕ್ಕು ಹಿಡಿಯದ ಕಾರೆಂದು ಕೊಂಡವನು ನಾನು.

ಗುಂಡ್ಲುಪೇಟೆಯ ಕುಷನ್ ಅಂಗಡಿಯ ಅಣ್ಣ ಆ ಸೀಟು ನೋಡಿ ಬೈಯಲಿಲ್ಲ. ಮೂಸಿ ನೋಡಿದರು, “ಎಣ್ಣೆ ಹಾಕ್ಬುಟ್ಟಿದ್ದೀರಿ” ಎಂದರು. ಎಣ್ಣೆ ಪೂರ್ತಿ ಬಿಡುವ ತನಕ ಬಣ್ಣ ಹಿಡಿಯುವುದಿಲ್ಲ. ಮೆದು ಸೋಪಿನ ನೊರೆಯಲ್ಲಿ, ಮೆತ್ತನೆ ಬ್ರಷ್ಷಿನಲ್ಲಿ, ಒಂದೊಂದು ಅಂಗೈಯಗಲ ತೊಳೆದು ಆಗಲೇ ಒರೆಸಿ ಆರಲು ಬಿಡಬೇಕು. ಒಂದು ಸೀಟಿನ ಹಿಂಬದಿಯಲ್ಲಿ ಅವರು ಹಾಗೆ ಮಾಡಿ ತೋರಿಸಿದರು. ನೊರೆ ಕಾಫಿ ಬಣ್ಣಕ್ಕೆ ತಿರುಗಿತು, ಕೆಳಗೆ ಬೂದು ಬಣ್ಣ ಹಾಗೇ ಇತ್ತು. ಇಡೀ ಸೀಟಿಗೆ ಬೇಕಿದ್ದದ್ದು ಅಷ್ಟೇ. ಥಿನ್ನರ್ ಬೇಕಿರಲಿಲ್ಲ, ಎಣ್ಣೆಯೂ ಬೇಕಿರಲಿಲ್ಲ.

ಬಾನೆಟ್ಟನ್ನು ಕೊನೆಗೆ ನಂಜನಗೂಡಿನ ಹಿರಿಯ ಪೇಂಟಿಂಗ್ ಮೇಸ್ತ್ರಿಯೊಬ್ಬರಿಗೆ ಒಪ್ಪಿಸಿದೆ. ನಾರು ಎದ್ದ ಕಡೆ ರೆಸಿನ್ ಹಚ್ಚಿ ಮುಚ್ಚಿ, ಪ್ರೈಮರ್ ಹೊಡೆದು, ತಟ್ಟೆಯಂತೆ ಸಮ ಮಾಡಿ ಕೆಂಪು ಹೊಡೆದರು. ಹೊಡೆಯುತ್ತಿದ್ದ ಹಾಗೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಸಣ್ಣ ಗುಂಡಿ ಬಿಟ್ಟಿತು. ಪೇಂಟಿಂಗಿನವರು ಫಿಶ್ ಐ ಎನ್ನುವುದು ಇದನ್ನೇ. ಗನ್ ಕೆಳಗಿಟ್ಟು ಮೇಸ್ತ್ರಿ ನನ್ನ ಕಡೆ ತಿರುಗಿದರು. “ಇದರ ಮೇಲೆ ಏನ್ ಹೊಡ್ದಿದ್ರಿ, ನಿಜ ಹೇಳಿ.” ಡ್ಯಾಶ್‌ಬೋರ್ಡ್ ಮಿರುಗಲೆಂದು ತಂದಿದ್ದ ಸಿಲಿಕೋನ್ ಸ್ಪ್ರೇ ನೆನಪಾಯಿತು. ಟೈರಿಗೆ, ಬಂಪರಿಗೆ, ಬಾನೆಟ್ಟಿನ ಸುತ್ತಲಿನ ಕಪ್ಪು ರಬ್ಬರಿಗೆಲ್ಲ ಹೊಡೆದಿದ್ದೆ. ಸಿಲಿಕೋನ್ ಒಂದು ಹನಿ ಇದ್ದರೂ ಹಸಿ ಬಣ್ಣ ಅದರ ಮೇಲೆ ನಿಲ್ಲದೆ ಸರಿದುಹೋಗುತ್ತದೆ. ಹೇಳಿದೆ. ಅವರು ಬಾನೆಟ್ ಒರೆಸಿದ್ದ ಬಟ್ಟೆಗಳನ್ನೆಲ್ಲ ಎಸೆದು, ಬಣ್ಣ ಆರಿದ ಮೇಲೆ ಮತ್ತೆ ಉಜ್ಜಿ, ಜಿಡ್ಡು ತೆಗೆಯುವ ದ್ರವದಲ್ಲಿ ಒರೆಸಿ ಮೊದಲಿನಿಂದ ಶುರು ಮಾಡಿದರು. ಎರಡನೆಯ ಸಲದ ಕೂಲಿಯನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ, ನಾನೇ ಕೊಟ್ಟೆ.

ಬಣ್ಣ ಹೊಂದಿಸುವುದು ಇನ್ನೊಂದು ಪಾಡು. ಪೆಟ್ರೋಲ್ ಮುಚ್ಚಳ ಬಿಚ್ಚಿ ಒಯ್ದರೆ ಅಂಗಡಿಯವರು ಕಂಪ್ಯೂಟರಿನಲ್ಲಿ ಬಣ್ಣ ಓದಿ ಕಲಸಿ ಕೊಡುತ್ತಾರೆ. ಆದರೆ ಮುಚ್ಚಳದ ಹೊರಮೈ ಬಿಸಿಲು ತಿಂದ ಕೆಂಪು, ಒಳಮೈ ಕಾರ್ಖಾನೆ ಬಿಟ್ಟ ದಿನದ ಕೆಂಪು. ಯಾವುದಕ್ಕೆ ಹೊಂದಿಸುವುದು? ಮೇಸ್ತ್ರಿ ಬಾಗಿಲಿಗೆ ಹೊಂದಿಸಿ ಎಂದರು, ಪಕ್ಕದಲ್ಲಿ ನಿಲ್ಲುವುದು ಅದೇ ತಾನೇ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಕಂಡವು. ಹೊರಗೆ ಬಿಸಿಲಿಗೆ ಹಿಡಿದರೆ ಹೊಸದು ತುಸು ಕಿತ್ತಳೆ ಕಡೆಗೆ ವಾಲಿತ್ತು. ಬೇರೆ ಬೇರೆ ಬಣ್ಣದ ಪುಡಿಗಳಿಂದ ಕಲಸಿದ ಕೆಂಪುಗಳು ಒಂದು ಬೆಳಕಿನಲ್ಲಿ ಕೂಡಿದರೂ ಇನ್ನೊಂದು ಬೆಳಕಿನಲ್ಲಿ ಕೂಡುವುದಿಲ್ಲ. ಮೂರು ಸಲ ಕಲಸಿದರು. ಕೊನೆಗೆ ಬಂದದ್ದು ಒಳ್ಳೆಯ ಕೆಂಪೇ, ಚೆನ್ನಾಗಿಯೇ ಹೊಳೆಯುತ್ತದೆ. ಗೋವಾದಲ್ಲಿ ಹೊಡೆದ ಕೆಂಪು ಮಾತ್ರ ಅದಲ್ಲ. ತಯಾರಾದದ್ದೇ ಕೆಲವಾದ, ಈಗ ತಯಾರೇ ಆಗದ ಕಾರಿನ ಮೇಲೆ ಆ ಬಣ್ಣ ಉಳಿಯುವಷ್ಟು ಕಾಲ ಉಳಿಯಬೇಕಿತ್ತು. ಮಂಕಾದ ಬಾನೆಟ್ಟನ್ನು ಚೆನ್ನಾಗಿ ತೊಳೆದು, ಕೈಯಲ್ಲಿ ಮೆತ್ತಗೆ ಒಂದು ಪಾಲಿಶ್ ಹಾಕಿ, ಮೇಲೆ ಮೇಣ ಹಚ್ಚಿದ್ದರೆ ಇನ್ನೂ ಎಷ್ಟೋ ವರ್ಷ ಬರುತ್ತಿತ್ತು. ಅಲ್ಲಲ್ಲಿ ಗುಲಾಬಿಯಾಗಿಯೇ ಉಳಿಯುತ್ತಿತ್ತು, ಉಳಿಯಲಿ.

ಎಡ ಬಾಗಿಲನ್ನು ನಾನು ಮುಟ್ಟಿರಲಿಲ್ಲ, ಸರದಿ ಬರುವ ಮೊದಲೇ ಬಾನೆಟ್ ಕೆಟ್ಟಿತ್ತು. ಹಿಡಿಯ ಸುತ್ತ ಉಂಗುರದ ಗೀರುಗಳಿವೆ, ಕೆಳಗೆ ಕಲ್ಲು ಸಿಡಿದ ಚುಕ್ಕೆಗಳಿವೆ. ಅದನ್ನು ಈಗ ಮೊದಲು ಬರೀ ನೀರು ಹರಿಸಿ ಧೂಳು ಇಳಿಸಿ, ಆಮೇಲೆ ಎರಡು ಬಕೆಟ್ ಇಟ್ಟುಕೊಂಡು ತೊಳೆಯುತ್ತೇನೆ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮಳೆನೀರು ಹಿಡಿದಿಟ್ಟದ್ದಿದ್ದರೆ ಅದನ್ನೇ ಬಳಸುತ್ತೇನೆ, ಬೋರ್‌ವೆಲ್ ನೀರಾದರೆ ಆರುವ ಮೊದಲೇ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ತೆಗೆಯುತ್ತೇನೆ.

ಹಳೆಯ ಕಾರು ಮಾರುವ ಮೊದಲು ಒಂದು ರಬ್ಬಿಂಗ್ ಹೊಡೆದುಕೊಡಿ ಎಂದು ತೆರಕಣಾಂಬಿ, ಹಂಗಳದ ಕಡೆಯ ಹುಡುಗರು ಆಗಾಗ ಬರುತ್ತಾರೆ, ನನ್ನ ಹತ್ತಿರ ಮೆಷಿನ್ ಇರುವುದು ಅವರಿಗೆ ಗೊತ್ತು. ನಾನು ಮೊದಲು ಡಿಕ್ಕಿ ಮುಚ್ಚಳದ ಒಳ ಅಂಚಿನಲ್ಲಿ, ಕಾಣದ ಕಡೆ, ಬಿಳಿ ಬಟ್ಟೆಗೆ ಚೂರು ಕಾಂಪೌಂಡ್ ಹಾಕಿ ಉಜ್ಜಿ ತೋರಿಸುತ್ತೇನೆ. ಬಣ್ಣ ಹತ್ತಿದರೆ ಮೆಷಿನ್ ಹೊರಗೆ ತೆಗೆಯುವುದಿಲ್ಲ. ಕೆಲವರು ಬೇಸರ ಮಾಡಿಕೊಂಡು ಬೇರೆ ಕಡೆ ಹೋಗುತ್ತಾರೆ. ಹೋಗಬೇಡಿ ಎಂದು ರಸ್ತೆಯ ತನಕ ಹಿಂದೆ ಹೋಗಿ ಹೇಳಿದ್ದೂ ಉಂಟು.

ಹುಡ್ಡಿನ ಹಳದಿ ಕಿಟಕಿಯೊಂದು ಬಾಕಿ ಇದೆ. ಕುಷನ್ ಅಂಗಡಿಯ ಅಣ್ಣ ಹಳೆಯ ಹೊಲಿಗೆ ಬಿಚ್ಚಿ ಅದೇ ತೂತುಗಳಲ್ಲಿ ಹೊಸ ಪ್ಲಾಸ್ಟಿಕ್ ಹೊಲಿಯುತ್ತೇನೆ ಎಂದಿದ್ದಾರೆ. ಬಟ್ಟೆ ಎಳೆದರೆ ಸಡಿಲವಾಗಬೇಕು, ಚಳಿಯಲ್ಲಿ ಬೇಡ, ಬಿಸಿಲು ಬರಲಿ ಎಂದರು. ಅವರು ಯಾವಾಗ ತನ್ನಿ ಎನ್ನುತ್ತಾರೋ ಆವಾಗ ಒಯ್ಯುತ್ತೇನೆ. ಅಕ್ಕನ ಮಗಳು ಗೌರಿಹಬ್ಬಕ್ಕೆ ಬರುತ್ತಾಳೆ. ಕಿಟಕಿ ಆಗಲಿ ಬಿಡಲಿ, ಅವಳನ್ನು ನಂಜನಗೂಡಿನಿಂದ ಈ ಕಾರಿನಲ್ಲೇ ಕರೆತರುತ್ತೇನೆ ಎಂದು ಅಕ್ಕನಿಗೆ ಹೇಳಿ ಆಗಿದೆ.